ಆರ್ತೆಮಿಯಾಳ ಮಗನ ಕಣ್ಣು

ಕೊಸ್ಮಾಸ್ ಬಾಗಿಲು ತಟ್ಟಲಿಲ್ಲ. ಅವನ ಸೈನಿಕರು ಒದ್ದು ತೆರೆದರು.

ಆರ್ತೆಮಿಯಾ ಎದ್ದು ನಿಲ್ಲಲಿಲ್ಲ. ಅರಮನೆಯ ನೇರಳೆ ಕಲ್ಲಿನ ಕೋಣೆಯಲ್ಲಿ ಹುಟ್ಟಿದವಳು ಅವಳು. ಚಕ್ರವರ್ತಿಯ ಮಗಳು, ಚಕ್ರವರ್ತಿಯ ತಂಗಿ, ಈಗಿನ ಚಕ್ರವರ್ತಿಗೆ ಸೋದರತ್ತೆ. ಕೊಸ್ಮಾಸನಂಥ ಗಡ್ಡಮೀಸೆ ಬಾರದ ಅರಮನೆಯ ನಪುಂಸಕ ಆಳುಗಳಿಗೆಲ್ಲ ಎದ್ದು ನಿಲ್ಲುವ ಅಭ್ಯಾಸ ಅವಳಿಗಿರಲಿಲ್ಲ. ಬಲಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲೇ ಆಲಿವ್ ಕಾಯಿ ಆರಿಸುತ್ತಿದ್ದಳು.

"ಕೈಗೇನಾಯ್ತು, ಅಮ್ಮಾವ್ರೇ?" ಎಂದ ಕೊಸ್ಮಾಸ್.

"ಸುಟ್ಕೊಂಡೆ. ನಿನ್ನ ಒಡೆಯ ಒಬ್ಬ ಅಡುಗೆಯವಳನ್ನ ಕೊಟ್ಟಿದ್ರೆ ನಾನ್ಯಾಕೆ ಈ ವಯಸ್ಸಲ್ಲಿ ಒಲೆ ಮುಂದೆ ಕೂರ್ತಿದ್ದೆ? ಬಂದ ವಿಷಯ ಹೇಳು."

"ನಿಮ್ಮ ಮಗನಿಗೆ ಕಣ್ಣು ಕಾಣುತ್ತಂತೆ."

ಕಂಬದ ಪಕ್ಕ ನಿಂತಿದ್ದ ಮೊಮ್ಮಗಳು ಪೆಲಾಜಿಯಾ ಅಪ್ಪನ ಕೋಣೆಯ ಕಡೆ ನೋಡದಂತೆ ತಲೆ ತಗ್ಗಿಸಿದಳು. ಅವಳು ಬಲ್ಲಂತೆ ಆ ಮಾತು ನಿಜ.

ಅವಳ ಅಪ್ಪ ಬಾರ್ದಾಸನಿಗೆ ಸಿಂಹಾಸನದ ಮೇಲೆ ಹಕ್ಕಿತ್ತು. ಅದೇ ಅವನ ಅಪರಾಧ. ಕುರುಡನಿಗೆ ಕಿರೀಟವಿಲ್ಲ ಎಂಬುದು ಈ ನಗರದ ಕಟ್ಟಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು; ಬಂಧುವನ್ನು ಕೊಂದ ಪಾಪವೂ ಬೇಡ, ಎದುರಾಳಿಯೂ ಬೇಡ. ಹನ್ನೆರಡು ವರ್ಷದ ಹಿಂದೆ ಅವನನ್ನು ಕಟ್ಟಿ ಹಾಕಿ, ಕೆಂಡದಲ್ಲಿ ಕಾಯಿಸಿದ ಹಿತ್ತಾಳೆ ತಟ್ಟೆಯನ್ನು ಕಣ್ಣೆದುರು ಹಿಡಿದಿದ್ದರು. ಹಿಡಿದವನ ಕೈ ನಡುಗಿತೋ, ಮನಸ್ಸು ಕರಗಿತೋ, ಕೆಲಸ ಪೂರ್ತಿಯಾಗಲಿಲ್ಲ. ಮೊದಲು ಬೆಳಕು ಮರಳಿತು, ಆಮೇಲೆ ನೆರಳು, ಆಮೇಲೆ ಮಗಳ ಮುಖ. ಮನೆಯ ಮೂವರು ಬಾಯಿಗೆ ಬೀಗ ಹಾಕಿಕೊಂಡು ಬದುಕಿದರು.

ಈ ವಸಂತದಲ್ಲಿ ಕೊಕ್ಕರೆಗಳ ಹಿಂಡು ಸದ್ದಿಲ್ಲದೆ ಕಡಲ ಮೇಲೆ ಹಾದುಹೋಗುವಾಗ ಬಾರ್ದಾಸ್ ಮೈಮರೆತು ತಲೆ ಎತ್ತಿ ನೋಡಿಬಿಟ್ಟ. ಬಟ್ಟೆ ಒಗೆಯುವವಳು ಅದನ್ನು ಕಂಡಳು. ಅರಮನೆಗೆ ಅನುಮಾನ ಹತ್ತಿದೆಯೆಂದು ಮೊನ್ನೆ ಮಠದ ಸನ್ಯಾಸಿನಿಯೊಬ್ಬಳು ಬಂದು ಗುಟ್ಟಾಗಿ ತಿಳಿಸಿ ಹೋದಳು.

ಅಂದು ಸಂಜೆ ಅಪ್ಪ ಮಗಳನ್ನು ಬಾಗಿಲ ಬೆಳಕಿಗೆ ಕರೆದು ಬಹಳ ಹೊತ್ತು ನೋಡಿದ್ದ. "ನಿಮ್ಮಮ್ಮನ ಮೂಗೇ ಬಂದಿದೆ ನಿಂಗೆ," ಎಂದಿದ್ದ. ಆಮೇಲೆ ಕೋಣೆ ಸೇರಿದವನು ಹೊರಗೆ ಬಂದಿರಲಿಲ್ಲ. ಕುರುಡನಂತೆ ನಡೆಯುವುದನ್ನು ಮತ್ತೆ ರೂಢಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದಳು ಪೆಲಾಜಿಯಾ. ಸಿಕ್ಕಿಬಿದ್ದರೆ ಈ ಸಲ ಅವನ ತಲೆ ಉಳಿಯದು. ಅವಳ ಮೂಗು ಕೊಯ್ದು ಮಠಕ್ಕೆ ದಬ್ಬುತ್ತಾರೆ. ಆರ್ತೆಮಿಯಾಳ ವಂಶ ಅಲ್ಲಿಗೆ ಮುಗಿಯಿತು.

ಸೈನಿಕರು ಬಾರ್ದಾಸನನ್ನು ಅಂಗಳದ ಆಚೆ ತುದಿಗೆ ತಂದು ನಿಲ್ಲಿಸಿದರು. ಕೊಸ್ಮಾಸ್ ಹತ್ತಿರ ಹೋಗಿ ಇಣುಕಿದ.

"ಕಣ್ಣೆಲ್ಲ ಕೆಂಪಾಗಿದೆಯಲ್ಲ, ನೀರು ಬೇರೆ ಸುರೀತಿದೆ!"

"ನಿಮ್ಮವರ ಕೈಗುಣ," ಎಂದಳು ಆರ್ತೆಮಿಯಾ. "ಅದು ಆರಿದ್ದು ಯಾವಾಗ?"

ಕೊಸ್ಮಾಸ್ ಸೂಜಿಯ ಮೊನೆಯನ್ನು ಕಣ್ಣಿನ ಹತ್ತಿರಕ್ಕೆ ತಂದ. ರೆಪ್ಪೆ ಅಲುಗಲಿಲ್ಲ. ಅವನು ನಕ್ಕ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು.

ಅವನು ಈಚೆ ಬಂದು ಕೈಸನ್ನೆ ಮಾಡಿದ. ಅಂಗಳದ ನಡುವೆ ನೆಲದಡಿಯ ನೀರಿನ ತೊಟ್ಟಿಯಿತ್ತು. ಇಬ್ಬರು ಸೈನಿಕರು ಅದರ ಹಲಗೆ ಮುಚ್ಚಳವನ್ನು ಸದ್ದಾಗದಂತೆ ಎತ್ತಿ ಪಕ್ಕಕ್ಕಿಟ್ಟರು. ಆ ಹೊತ್ತಿಗೆಲ್ಲ ಕೊಸ್ಮಾಸ್ ಚಕ್ರವರ್ತಿಯ ಆರೋಗ್ಯದ ಬಗ್ಗೆ ಗಟ್ಟಿಯಾಗಿ ಹರಟುತ್ತಲೇ ಇದ್ದ. ಮೂರನೆಯವನು ಪೆಲಾಜಿಯಾಳ ಬಾಯಿ ಮುಚ್ಚಿ ಕುತ್ತಿಗೆಗೆ ಚೂರಿ ಹಿಡಿದ. ಕೊಸ್ಮಾಸ್ ಮುದುಕಿಯ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ.

"ಬಾರ್ದಾಸ್ ಅವರೇ, ಚಕ್ರವರ್ತಿಗಳು ನಿಮಗೊಂದು ಉಂಗುರ ಕಳಿಸಿದ್ದಾರೆ. ನನ್ನ ದನಿ ಹಿಡಿದು ನೇರ ಬನ್ನಿ, ತಗೊಳ್ಳಿ."

"ನೇರವಾಗಿಯೇ ಬರ್ಲಾ?"

"ನಿಮ್ಮ ಮನೆ ಅಂಗಳ ತಾನೇ? ಅದಕ್ಕೂ ಅಂಜಿಕೆಯಾ?"

ನಿಂತರೆ ಕಣ್ಣಿದೆಯೆಂದು ಗೊತ್ತಾಗುತ್ತದೆ. ನಡೆದರೆ ಬೀಳುತ್ತಾನೆ. ಬೇಸಿಗೆ, ತೊಟ್ಟಿಯಲ್ಲಿ ನೀರು ತಳ ಸೇರಿತ್ತು.

ಬಾರ್ದಾಸ್ ನಡೆದ. ಆರ್ತೆಮಿಯಾಳ ಬಾಯಿ ತೆರೆದುಕೊಂಡಿತು. ಸೆರಗನ್ನು ಹಲ್ಲಿಗೆ ಕಚ್ಚಿಕೊಂಡು ಕಣ್ಣು ಮುಚ್ಚಿದಳು. ಪೆಲಾಜಿಯಾ ಮುಚ್ಚಲಿಲ್ಲ. ಅಪ್ಪ ಒಂದೆಡೆಯಾದರೂ ತಡವರಿಸುತ್ತಾನೆಂದು ಅವಳು ಕಾದಳು. ಅವನು ತಡವರಿಸಲಿಲ್ಲ, ಹೆಜ್ಜೆ ಚಿಕ್ಕದಾಗಲಿಲ್ಲ. ಗುಂಡಿಯ ಮೇಲೆ ಕಾಲಿಟ್ಟ.

ಬಿದ್ದ ಸದ್ದಿಗೆ ಕೊಸ್ಮಾಸ್ ಕೂಡ ಮುಖ ಕಿವುಚಿದ.

ಹಗ್ಗ ಬಿಟ್ಟು ಮೇಲೆತ್ತಿದರು. ಕಾಲು ಮುರಿದಿತ್ತು, ಜೀವವಿತ್ತು. "ತಪ್ಪಾಯ್ತು ಅಮ್ಮಾವ್ರೇ," ಎಂದ ಕೊಸ್ಮಾಸ್, "ಆ ಬಟ್ಟೆಯವಳಿಗೆ ಚಾಟಿ ರುಚಿ ತೋರಿಸ್ತೀನಿ. ಇನ್ನು ಈ ಮನೆ ಕಡೆ ಯಾರೂ ಬರಲ್ಲ." ಸೈನಿಕರನ್ನು ಕರೆದುಕೊಂಡು ಹೊರಟುಹೋದ.

ಪೆಲಾಜಿಯಾ ಅಪ್ಪನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಎಂಥಾ ಗುಂಡಿಗೆ ಅಪ್ಪಾ ನಿಂದು! ತೊಟ್ಟಿ ಬಾಯಿ ತೆರೆದಿರೋದು ಕಾಣ್ತಾ ಇದ್ರೂ ಕಾಲಿಟ್ಯಲ್ಲ!"

ಆರ್ತೆಮಿಯಾ ಬಟ್ಟೆ ಸುತ್ತಿದ ಬಲಗೈಯನ್ನು ಸೆರಗಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

"ತೊಟ್ಟಿ ತೆರೆದಿದ್ರಾ?" ಎಂದು ಕೇಳಿದ ಬಾರ್ದಾಸ್, ಮಗಳ ಮುಖವನ್ನು ಬೆರಳಲ್ಲಿ ಹುಡುಕುತ್ತ. "ಅಜ್ಜಿಯನ್ನ ಬೈಬೇಡ ಕಣಮ್ಮಾ, ಈ ಸಲ ಒಂದು ಚೂರೂ ಬೆಳಕು ಉಳೀಬಾರ್ದು ಅಂತ ಅವಳ ಕಾಲು ಹಿಡಿದು ಮಾಡಿಸ್ಕೊಂಡವನು ನಾನೇ."