ಇನ್ನೊಂದು ಕಾಪಿ

ಡಾಕ್ಟರು ಕೊಟ್ಟ ಡಿಸ್ಕನ್ನು ರಿಪೇರಿಯವಳು ಹೊಸ ಕಂಪ್ಯೂಟರಿಗೆ ಚುಚ್ಚಲಿಲ್ಲ. ತನ್ನ ಚೀಲದಿಂದ ಖಾಲಿ ಡಿಸ್ಕೊಂದನ್ನು ತೆಗೆದು, ಎರಡನ್ನೂ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಮೊದಲು ಇದರದೊಂದು ಕಾಪಿ ಆಗಲಿ, ಎರಡು ಗಂಟೆ ಹಿಡಿಯುತ್ತದೆ, ಮಿಕ್ಕದ್ದೆಲ್ಲ ಆಮೇಲೆ ಎಂದಳು. ಅವಳ ಜೊತೆ ಕೆಲಸ ಮಾಡುವವರು ಬೆನ್ನ ಹಿಂದೆ ಅವಳನ್ನು 'ಇನ್ನೊಂದು' ಎಂದೇ ಕರೆಯುತ್ತಿದ್ದರು. ಯಾವ ಕೆಲಸಕ್ಕೆ ಹೋದರೂ ಅವಳಿಗೆ ಇನ್ನೊಂದು ಕಾಪಿ ಬೇಕು.

ಕಿವಿಯ ಆ ಚಿಕ್ಕ ಆಸ್ಪತ್ರೆಯ ಹಳೆಯ ಕಂಪ್ಯೂಟರ್ ನಾಲ್ಕು ದಿನಗಳ ಹಿಂದೆ ಸುಟ್ಟುಹೋಗಿತ್ತು. ಉಳಿದದ್ದು ಬ್ಯಾಕಪ್ ಇಮೇಜ್ ಒಂದೇ; ಅಂದರೆ ಇಡೀ ಕಂಪ್ಯೂಟರಿನ ತದ್ರೂಪು, ಒಂದು ದೊಡ್ಡ ಫೈಲಿನ ರೂಪದಲ್ಲಿ. ಡಾಕ್ಟರು ಒಂಬತ್ತು ವರ್ಷದಿಂದ ಪ್ರತಿ ಶುಕ್ರವಾರ ತಪ್ಪದೆ ಅದನ್ನು ತೆಗೆದಿಡುತ್ತಿದ್ದರು. ಅದೇ ಡಿಸ್ಕಿನಲ್ಲಿ, ಹಿಂದಿನ ವಾರದ್ದನ್ನು ಅಳಿಸಿ ಈ ವಾರದ್ದು. ತೆಗೆದದ್ದು ತೆರೆಯುತ್ತದೆಯೇ ಎಂದು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಆ ಫೈಲಿನೊಳಗೆ ಎಲ್ಲೋ ಒಂದು ಕಡೆ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಬಡಗಿಯ ಕಿವಿ ಇತ್ತು. ಜ್ವರದಲ್ಲಿ ಕೇಳುವ ಶಕ್ತಿ ಕಳೆದುಕೊಂಡವನು ಅವನು. ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂರಿಸಿದ ಮೇಲೆ, ಎರಡು ವರ್ಷ ಇದೇ ಕೋಣೆಯಲ್ಲಿ ಕುಳಿತು, ಇಷ್ಟು ಸಾಕು, ಇದು ಚುಚ್ಚುತ್ತದೆ, ಇದು ಕೇಳಲೇ ಇಲ್ಲ ಎನ್ನುತ್ತಾ ಒಂದೊಂದು ಸದ್ದಿಗೂ ಒಂದೊಂದು ಅಂಕಿಯನ್ನು ಡಾಕ್ಟರ ಜೊತೆ ಗೊತ್ತುಮಾಡಿಕೊಂಡಿದ್ದ. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಭಾಗ ಹೋದ ವಾರ ನೀರಿನ ತೊಟ್ಟಿಗೆ ಬಿತ್ತು. ಹೊಸದು ಬಂದಿತ್ತು, ಆದರೆ ಅದರೊಳಗೆ ಏನೂ ಇರಲಿಲ್ಲ. ಅಂಕಿಗಳು ಸಿಗದಿದ್ದರೆ ಮತ್ತೆ ಮೊದಲನೆಯ ಸದ್ದಿನಿಂದ, ಮತ್ತೆ ಎರಡು ವರ್ಷ.

ಜೊತೆಗೆ ಬಂದಿದ್ದ ಅವನ ಅಕ್ಕನಿಗೆ ಒಳಗೆ ನಡೆಯುತ್ತಿದ್ದುದು ಹಿಡಿಸಲಿಲ್ಲ. ತಟ್ಟೆಗೆ ಬಡಿಸಿದ್ದನ್ನು ಉಣ್ಣುವುದು ಬಿಟ್ಟು ಎಣಿಸುತ್ತಾ ಕೂತಿದ್ದಾಳೆ ಎಂದು ಗೊಣಗಿದಳು. ತಮ್ಮ ಅವಳ ತುಟಿಗಳನ್ನೇ ನೋಡಿ ಚೀಟಿಯೊಂದರಲ್ಲಿ ಏನೋ ಗೀಚಿ ತೋರಿಸಿದ: 'ನಿನ್ನ ಬೈಗುಳ ಕೇಳದೆ ವಾರವಾಯಿತು, ಮೈ ತುಂಬಿಕೊಂಡಿದೆ.' ಅವಳು ಚೀಟಿಯನ್ನು ಮುದುರಿ ಅವನ ಜೇಬಿಗೇ ತುರುಕಿದಳು.

ಡಾಕ್ಟರಿಗೂ ತಾಳ್ಮೆ ಮುಗಿಯುತ್ತಾ ಬಂದಿತ್ತು. "ಓದೋದಷ್ಟೇ ತಾನೇ? ಓದಿದ್ರೆ ಪುಸ್ತಕ ಸವೆಯುತ್ತೇನಮ್ಮಾ?"

"ಈ ಡಿಸ್ಕಿಗೆ ಎಷ್ಟು ವರ್ಷ ಮೇಡಂ?"

"ಒಂಬತ್ತು."

ರಿಪೇರಿಯವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ಉದ್ದವಾಗುತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಜಂಬವೂ ಇರಲಿಲ್ಲ. ಕಾಯುವುದು ಅವಳಿಗೆ ಕೆಲಸದ ಹೊರಗಿನ ವಿಷಯವಾಗಿರಲಿಲ್ಲ, ಅಷ್ಟೆ.

ಹನ್ನೆರಡರ ಹೊತ್ತಿಗೆ ಕಾಪಿ ಮುಗಿಯಿತು. ಮೂಲಕ್ಕೂ ಕಾಪಿಗೂ ತಾಳೆ ನೋಡಿ, ಸರಿಯಿದೆ ಎಂದು ತಲೆಯಾಡಿಸಿದಳು. ಆಗ ಹಳೆಯ ಡಿಸ್ಕ್ ಲಟಕ್, ಲಟಕ್ ಎಂದು ನಾಲ್ಕೈದು ಸಲ ಸದ್ದು ಮಾಡಿ ನಿಂತಿತು. ಕಿತ್ತು ಚುಚ್ಚಿದಳು. ಬೇರೆ ವೈರು ಹಾಕಿದಳು. ಅದು ಮತ್ತೆ ಏಳಲಿಲ್ಲ.

ಡಾಕ್ಟರ ಮುಖ ಸುಣ್ಣದಂತಾಗಿತ್ತು. ಅವಳು ಅದನ್ನು ಕಂಡು, "ಪೂರ್ತಿ ಬಂದಿದೆ ಮೇಡಂ," ಎಂದಳು. ನಂತರ ಚೀಲಕ್ಕೆ ಕೈಹಾಕಿ ಮತ್ತೊಂದು ಖಾಲಿ ಡಿಸ್ಕನ್ನು ತೆಗೆದಳು. "ಈಗ ಇದೊಂದೇ ಉಳಿದಿರೋದು. ಇದರದೂ ಇನ್ನೊಂದು ಮಾಡ್ಕೋತೀನಿ."

ಮತ್ತೆ ಎರಡು ಗಂಟೆ. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಅಕ್ಕ ಒಳಗೆ ಬಂದು, ದಾರಿಗೆ ಅಡ್ಡವಾಗಿ ಬಿದ್ದಿದ್ದ ಕರೆಂಟಿನ ವೈರನ್ನು ಗೋಡೆಯ ಬದಿಗೆ ಸರಿಸಿ, ಯಾರೂ ಎಡವದ ಹಾಗೆ ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

ಎರಡನೆಯ ಕಾಪಿಯೂ ಮುಗಿದ ಮೇಲೆ ಇಮೇಜನ್ನು ಹೊಸ ಕಂಪ್ಯೂಟರಿಗೆ ಇಳಿಸಿದರೆ, ಅದು ಅರ್ಧ ಎದ್ದು ಪರದೆಯನ್ನೆಲ್ಲ ನೀಲಿ ಮಾಡಿ ಸತ್ತಿತು. ಹೋಯಿತೇ ಎಂದು ಡಾಕ್ಟರು ಕೇಳಿದರು.

"ಹೋಗಿಲ್ಲ ಮೇಡಂ. ಹಳೆ ಮನೆಯವರನ್ನ ರಾತ್ರೋರಾತ್ರಿ ಹೊಸ ಮನೆಗೆ ತಂದುಬಿಟ್ಟ ಹಾಗಾಗಿದೆ. ಸ್ವಿಚ್ಚು ಎಲ್ಲಿದೆ ಅಂತ ಕತ್ತಲಲ್ಲಿ ತಡಕಾಡ್ತಿದಾರೆ. ನಾವು ತೋರಿಸಬೇಕು."

ಹೊಸ ಯಂತ್ರದ ಡಿಸ್ಕನ್ನು ಗುರುತಿಸಲು ಬೇಕಾದ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಇಮೇಜಿನೊಳಗೆ ಸೇರಿಸಿದಳು. ಮತ್ತೆ ನೀಲಿ. ಏನು ಮಾಡಿದೆ, ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಂಡು ಇನ್ನೊಂದನ್ನು ಸೇರಿಸಿದಳು. ಮತ್ತೆ ನೀಲಿ, ಮತ್ತೊಂದು ಸಾಲು. ಒಂಬತ್ತು ಸಾಲುಗಳಾದ ಮೇಲೆ, ನಾಲ್ಕೂವರೆಗೆ, ಡಾಕ್ಟರು ದಿನಾ ನೋಡುತ್ತಿದ್ದ ಅದೇ ಹಳೆಯ ಪರದೆ, ಅದೇ ಅಸ್ತವ್ಯಸ್ತ ಚಿತ್ರಗಳೊಡನೆ, ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ನಿಂತಿತು. ಬಡಗಿಯ ಹೆಸರಿನಡಿ ಇಪ್ಪತ್ತೆರಡು ಅಂಕಿಗಳು, ಒಂದೂ ಕದಲಿರಲಿಲ್ಲ.

ಡಾಕ್ಟರು ಅವನ್ನು ಹೊಸ ಭಾಗಕ್ಕೆ ತುಂಬಿ ಬಡಗಿಯ ಕಿವಿಯ ಹಿಂದೆ ಸಿಕ್ಕಿಸಿದರು. ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು, ಕೇಳಿಸುತ್ತಿದೆಯೇ ಎಂದರು. ಅವನು ಉತ್ತರಿಸಲಿಲ್ಲ. ಡಾಕ್ಟರು ಮತ್ತೆ ಕೇಳಲು ಹೋದಾಗ, ಸ್ವಲ್ಪ ತಡೆಯಿರಿ ಎನ್ನುವ ಹಾಗೆ ಅವನು ಕೈಯೆತ್ತಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ.

"ಕೇಳಿಸ್ತಿದೆ, ಡಾಕ್ಟ್ರೇ," ಎಂದ. "ಆದ್ರೆ ಈ ಹೊಸ ಕಂಪ್ಯೂಟರ್ ಡಬ್ಬದೊಳಗೆ ಏನೋ ಸಡಿಲ ಇದೆ. ಸಣ್ಣಗೆ ಕಟಕಟ ಅಂತಿದೆ."

ಡಾಕ್ಟರು ಕಿವಿಗೊಟ್ಟು, ಇಲ್ಲವೆಂದು ತಲೆಯಾಡಿಸಿದರು. ಬೆಳಗಿನಿಂದ ಅದರ ಪಕ್ಕದಲ್ಲೇ ಇದ್ದ ರಿಪೇರಿಯವಳು ಮಂಡಿಯೂರಿ, ಕಂಪ್ಯೂಟರಿನ ತಗಡಿಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಅವಳ ಕೈ ಮೆಲ್ಲನೆ ಸ್ಕ್ರೂಡ್ರೈವರಿಗಾಗಿ ತಡಕಾಡಿತು.