ಸರ್ವರ್‌ಗೆ ಶುಕ್ರವಾರದ ಹಾಲು

ಬೆರಳು ಅಂಟಿಕೊಂಡಿತು. ಸುನಿತಾ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಸರ್ವರ್‌ನ ನೆತ್ತಿಯ ಮೇಲೆ ಒಡೆದ ಹಾಲು ಒಣಗಿ ಹಳದಿ ಹಕ್ಕಳೆ ಕಟ್ಟಿತ್ತು. ಅದರ ಮೇಲೆ ಕುಂಕುಮ, ಅದರ ಮೇಲೆ ಕೊಳೆತ ಸೇವಂತಿಗೆ, ಅದರೊಳಗೆ ಜಿರಲೆ. ಹುಳಿ ನಾತ ಮೂಗಿಗೆ ಬಡಿಯಿತು.

"ಏನಿದು ಸುದರ್ಶನ್?"

"ಶುಕ್ರವಾರದ ಪೂಜೆ ಮೇಡಂ," ಎಂದ ಆ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಸುದರ್ಶನ್, ಹವಾಮಾನ ಹೇಳುವವನ ಹಾಗೆ.

ಪಾಂಡವಪುರದ ಆ ಡೈರಿಗೆ ಅವಳು ಮೈಸೂರಿನ ಕಂಪನಿಯಿಂದ ಬಂದದ್ದು ಒಂದೇ ಕೆಲಸಕ್ಕೆ. ಹಳೆಯ ಸರ್ವರ್‌ಗೆ ವಯಸ್ಸಾಗಿತ್ತು. ಹಾಲಿನ ಲೆಕ್ಕ, ಟ್ಯಾಂಕರುಗಳ ಓಡಾಟ, ರೈತರ ಖಾತೆ, ಎಲ್ಲವೂ ಬೇರೆಬೇರೆ ವರ್ಚುವಲ್ ಮಷೀನುಗಳಾಗಿ, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರುಗಳಾಗಿ, ಅದೊಂದೇ ಯಂತ್ರದಲ್ಲಿ ಬಾಡಿಗೆಗೆ ಇದ್ದಂತಿದ್ದವು. ಅವನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸಿ ಹಳೆಯದನ್ನು ಆರಿಸಬೇಕು. ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಯದಿದ್ದರೆ, ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೂ ಕ್ಯಾನು ಹಿಡಿದು ನಿಂತವರೆಲ್ಲ ಬಯ್ಯುತ್ತಾರೆ.

ಈ ಪೂಜೆ ಡೈರಿಯ ಅಧ್ಯಕ್ಷ ನಂಜಪ್ಪನವರದು. ಹಾಲಿನ ಲೆಕ್ಕವೆಲ್ಲ ಅದರೊಳಗಿರುವಾಗ ಮೊದಲ ಕ್ಯಾನಿನ ಹಾಲು ಸಲ್ಲಬೇಕಾದದ್ದು ಅದಕ್ಕೇ ಎಂಬುದು ಅವರ ನ್ಯಾಯ. ಸುನಿತಾಳೂ ಹಸು ಕಟ್ಟಿದ ಮನೆಯವಳೇ. ಅವಳ ಅವ್ವ ಟ್ರಾಕ್ಟರಿಗೆ ಕುಂಕುಮ ಇಡುತ್ತಾಳೆ, ಇಂಜಿನ್ನಿಗೆ ಹಾಲು ಹೊಯ್ಯುವುದಿಲ್ಲ. ಹೋಗಲಿ, ಅಧ್ಯಕ್ಷರಿಗೆ ಗೊತ್ತಿಲ್ಲ ಅನ್ನೋಣ. ಎಲ್ಲ ಗೊತ್ತಿದ್ದೂ ಪಕ್ಕದಲ್ಲಿ ನಿಂತು ಗಂಟೆ ಅಲ್ಲಾಡಿಸುವ ಇವನಿಗೆ ಏನು ರೋಗ? ಶ್ರೀರಂಗಪಟ್ಟಣದ ಅರ್ಚಕರ ಮಗನಂತೆ, ಕಂಪ್ಯೂಟರ್ ಓದಿದ್ದಾನಂತೆ. ಅವಳಿಗೆ ಹಾಲಿಗಿಂತ ಅವನ ಮೇಲೆ ಹೆಚ್ಚು ಹೇಸಿಗೆಯಾಯಿತು.

"ಬೇಡ ಅನ್ನಲಿಲ್ವಾ ನೀವು?"

"ಅಭಿಷೇಕ ಬೇಡ ಅನ್ನೋಕಾಗುತ್ತಾ ಮೇಡಂ? ಅಷ್ಟಾದರೂ ಒಂದು ದಿನ ನಿಂತಿಲ್ಲ, ನೋಡಿ."

ಅದೇನೋ ನಿಜ. ಮುಂದಿನ ಹಸಿರು ದೀಪ ಉರಿಯುತ್ತಿತ್ತು, ಫ್ಯಾನು ಗರಗರ ಎನ್ನುತ್ತಿತ್ತು. ಪೆಟ್ಟಿಗೆ ಬಿಸಿಯೂ ಆಗಿರಲಿಲ್ಲ. ಅದೃಷ್ಟ, ಅಂದುಕೊಂಡಳು.

ಕೈ ತೊಳೆಯಲು ಪಡಸಾಲೆಗೆ ಬಂದರೆ, ಶೌಚಾಲಯದ ಬಾಗಿಲಿಗೆ ಬೀಗ. ಮೇಲೆ 'ಕೆಟ್ಟಿದೆ' ಎಂಬ ಹಲಗೆ.

"ಅದು ಬೇಡ ಮೇಡಂ. ಬಸ್‌ಸ್ಟ್ಯಾಂಡ್ ಹತ್ತಿರ ಹೋಟೆಲಿದೆ, ಅಲ್ಲಿಗೆ ಹೋಗಿ," ಎಂದ ಹಿಂದೆಯೇ ಬಂದ ಸುದರ್ಶನ್.

ಹೋದಳು. ವಾಪಸು ಬರುವಾಗ ಸುದರ್ಶನ್ ಅದೇ ಬಾಗಿಲಿನಿಂದ ಹೊರಬಂದು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಅಂದರೆ ಇದು ಅವನೊಬ್ಬನಿಗೆ. ಊರವರಿಗೆಲ್ಲ ಕೆಟ್ಟಿದೆ. ಅವನ ಕೈ ಒದ್ದೆಯಾಗಿರಲಿಲ್ಲ, ತೊಳೆಯದ ಅದೇ ಕೈಯಲ್ಲಿ ಕೀಬೋರ್ಡು ಮುಟ್ಟಿದ. ಸುನಿತಾ ಸೀದಾ ಅಧ್ಯಕ್ಷರ ಕೋಣೆಗೆ ನಡೆದಳು.

"ಆವಯ್ಯನ ಕೈಲಿ ಸರ್ವರ್ ಕೊಟ್ರೆ ಉಳ್ಯಕಿಲ್ಲ ಸಾರ್."

ನಂಜಪ್ಪ ಎಲೆ ಅಡಿಕೆ ದವಡೆಗೆ ಒತ್ತಿದರು. "ಅಂಗಂತೀಯಾ? ಸರಿ ಕಣವ್ವ, ಕೆಲ್ಸ ಮುಗಿಸ್ಕೊಂಡು ಒಂದ್ ಮಾತು ಹೇಳು. ಇವತ್ತೇ ಕಳಿಸ್ಬುಡ್ತೀನಿ."

ಹೊಸ ಯಂತ್ರ ಅವಳ ಮೇಜಿನ ಮೇಲೆ ಸಿದ್ಧವಾಗಿ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ನೆಟ್‌ವರ್ಕಿನ ಮೂಲಕ ಎಲ್ಲವೂ ಅದಕ್ಕೆ ಕಾಪಿಯಾಯಿತು. ಇನ್ನು ಹಳೆಯದನ್ನು ಆರಿಸಿ ಹೊಸದರಲ್ಲಿ ಎಲ್ಲವನ್ನೂ ಎಬ್ಬಿಸುವುದಷ್ಟೇ ಬಾಕಿ.

"ನಾನೇ ಆರಿಸ್ತೀನಿ ಮೇಡಂ. ನೀವು ಟೀ ಕುಡಿದು ಬನ್ನಿ," ಎಂದ ಸುದರ್ಶನ್.

ಅಷ್ಟು ಸಾಕಾಯಿತು. ಇವನ ಮೇಲಿನ ನಂಬಿಕೆಯೆಲ್ಲ ಮುಗಿದಿತ್ತು. ಅವಳೇ ಹೋಗಿ, ಮೂಗಿಗೆ ವೇಲ್ ಒತ್ತಿ, ಆ ಹೊಲಸು ಪೆಟ್ಟಿಗೆಯ ವಯರನ್ನು ಕಿತ್ತಳು.

"ತಡೀರಿ ಮೇಡಂ," ಎಂದವನ ಮಾತು ತಡವಾಯಿತು.

ಹಸಿರು ದೀಪ ಆರಿತು, ಫ್ಯಾನು ನಿಂತಿತು. ಸುನಿತಾ ಬಂದು ತನ್ನ ಪರದೆ ನೋಡಿದಳು. ಹೇಮಗಿರಿ ಕಡೆಯಿಂದ ಬರುವ ಟ್ಯಾಂಕರು ನಕ್ಷೆಯ ಮೇಲೆ ಮೆಲ್ಲಗೆ ಸಾಗುತ್ತಲೇ ಇತ್ತು. ಬೆಳಗೊಳದ ಟ್ಯಾಂಕರೂ ಅಷ್ಟೇ. ಹೊಸದನ್ನು ಇನ್ನೂ ಎಬ್ಬಿಸಿರಲಿಲ್ಲ, ಹಳೆಯದು ಸತ್ತಿತ್ತು. ಹಾಗಾದರೆ ಇದೆಲ್ಲ ನಡೆಯುತ್ತಿರುವುದು ಎಲ್ಲಿ?

ಓಡಿಹೋಗಿ ಹಾಲಿನ ಹಕ್ಕಳೆಯನ್ನೂ ಲೆಕ್ಕಿಸದೆ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಒಂದು ಪುಟ್ಟ ದೀಪ, ಒಂದು ಫ್ಯಾನು. ಮಿಕ್ಕಿದ್ದು ಬರಿದು.

ಸುದರ್ಶನ್ ಜೇಬಿನಿಂದ ಕೀಲಿ ತೆಗೆದು ಶೌಚಾಲಯದ ಬಾಗಿಲು ತೆರೆದ. ತಣ್ಣನೆ ಗಾಳಿ ಬಂತು. ಬಿಳಿ ಟೈಲ್ಸಿನ ನೆಲ ಆಸ್ಪತ್ರೆಯಷ್ಟು ಚೊಕ್ಕವಾಗಿತ್ತು. ನಡುವೆ, ಒಂದು ಚಿಟಿಕೆ ಕುಂಕುಮವೂ ಸೋಕದ ಸರ್ವರ್ ಸದ್ದಿಲ್ಲದೆ ಓಡುತ್ತಿತ್ತು.

"ಮೊದಲನೆಯದು ಅಭಿಷೇಕಕ್ಕೇ ಸತ್ತುಹೋಯ್ತು ಮೇಡಂ," ಎಂದ ಅವನು ತಗ್ಗಿದ ದನಿಯಲ್ಲಿ. "ಅದಕ್ಕೇ ದೇವಸ್ಥಾನದಲ್ಲಿ ಮಾಡೋ ಹಾಗೆ ಮಾಡ್ದೆ. ಜನರ ಕೈಗೆ ಉತ್ಸವಮೂರ್ತಿ ಕೊಟ್ಟೆ. ಮೂಲಮೂರ್ತಿ ಇಲ್ಲಿದೆ. ಪೂಜೆ ತಟ್ಟೆ ಹಿಡಿದು ಯಾರೂ ಕಾಲಿಡದ ಜಾಗ ಈ ಕಚೇರೀಲಿ ಇದೊಂದೇ."

ಪಡಸಾಲೆಯ ಆ ತುದಿಯಿಂದ ನಂಜಪ್ಪನವರು ಹಾಲಿನ ಚೊಂಬು ಹಿಡಿದು ಬರುತ್ತಿದ್ದರು. "ಮುಗೀತೇನವ್ವ? ಹೊಸಾದನ್ನ ಎಲ್ಲಿ ಕೂರಿಸ್ದೆ? ಆವಯ್ಯನ್ನ ಏನ್ಮಾಡ್ಲಿ?"

ಸುನಿತಾ ಶೌಚಾಲಯದ ಬಾಗಿಲೆಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಹಳೇ ಪೆಟ್ಟಿಗೆ ಒಳಗೇ ಕೂರಿಸಿವ್ನಿ ಸಾರ್, ಹಾಲು ಅಲ್ಲೇ ಹುಯ್ರಿ. ಸುದರ್ಶನ್ ಇರ್ಲಿ ಬುಡಿ. ಇತ್ತಕಡೆ ಮಾತ್ರ ಬರ್ಬ್ಯಾಡಿ, ತಡಿಯಕಾಗದಷ್ಟು ನಾತ."