ಒಣ ಅಳು

ಚಮಚ ಮಗುವಿನ ತುಟಿಗೆ ತಾಗುವ ಮೊದಲೇ ತಾಯಿ ಅದನ್ನು ತನ್ನ ನಾಲಿಗೆಗೆ ಮುಟ್ಟಿಸಿಕೊಂಡಳು. ಬರೀ ಉಪ್ಪು!

"ಅತ್ತೆ, ಓಆರ್‌ಎಸ್ ಪೊಟ್ಟಣ ಪೂರ್ತಿ ಈ ಒಂದೇ ಲೋಟಕ್ಕೆ ಹಾಕಿದ್ರಾ?"

"ಹೂಂ ಮತ್ತೆ! ಬೆಳಗ್ಗೆಯಿಂದ ಕೂಸಿಗೆ ನೀರು ನೀರಾಗಿ ಭೇದಿ. ಗಟ್ಟಿಯಾಗಿದ್ರೆ ಬೇಗ ಹಿಡಿಯುತ್ತೆ."

"ಅದು ಲೀಟರಿಗೆ ಹಾಕೋದು. ಇಷ್ಟು ಗಟ್ಟಿ ಕುಡಿಸಿದ್ರೆ ಇನ್ನೂ ಕೆಡುತ್ತೆ." ಲೋಟವನ್ನು ಬಚ್ಚಲಿಗೆ ಸುರಿದು, ಕುದಿಸಿ ಆರಿಸಿದ ಒಂದು ಲೀಟರ್ ನೀರಿನ ಬಾಟಲಿಗೆ ಇನ್ನೊಂದು ಪೊಟ್ಟಣ ಬೆರೆಸಿದಳು.

ಮಗು ಬಾಯಿ ತೆರೆದು ಅಳುತ್ತಿತ್ತು. ಕಣ್ಣಲ್ಲಿ ಒಂದು ಹನಿಯೂ ಇಲ್ಲ. ಮೈಯಲ್ಲಿ ನೀರಿದ್ದರೆ ತಾನೇ ಕಣ್ಣಿಗೆ ಬರುವುದು? ಆ ಒಣ ಅಳು ಕೇಳುತ್ತಲೇ ಅವಳು ಚಮಚ ಎತ್ತಿಕೊಂಡಳು. ಒಂದು ಚಮಚ ಕುಡಿಸುವಳು, ಆಸ್ಪತ್ರೆಗೆ ಹೋಗಲು ಗಂಡ ಆಟೋ ತಂದನೇ ಎಂದು ಬಾಗಿಲಿಗೆ ಓಡುವಳು, ಬಂದು ಇನ್ನೊಂದು ಚಮಚ. ಕಕ್ಕಿದರೆ ತುಸು ತಾಳಿ, ಮತ್ತೆ.

"ಚಮಚದಲ್ಲಿ ಕೆರೆ ತುಂಬಿಸ್ತೀಯಾ?" ಅತ್ತೆ ಗೊಣಗಿದರು.

ಕಾಲು ಬಾಟಲಿ ಖಾಲಿಯಾದಾಗ ಹೊರಗೆ ಆಟೋ ಸದ್ದಾಯಿತು. ಅವಸರದಲ್ಲಿ ಎತ್ತಿಕೊಂಡದ್ದಕ್ಕೆ ಮಗು ಸಿಟ್ಟಿನಿಂದ ಕಿರುಚಿತು. ಅವಳ ಕತ್ತಿಗೆ ಬೆಚ್ಚಗೆ ಏನೋ ತಾಗಿತು.

"ಅತ್ತೆ, ಕಣ್ಣೀರು! ಅಳು ಕಂದಾ, ಚೆನ್ನಾಗಿ ಅಳು!"

ಅತ್ತೆ ಬಾಟಲಿ, ಚಮಚ ಎತ್ತಿಕೊಂಡು ಅವಳಿಗಿಂತ ಮೊದಲೇ ಆಟೋ ಹತ್ತಿ ಕೂತರು. "ಬಾ, ದಾರಿಯುದ್ದಕ್ಕೂ ನಾನೇ ಕುಡಿಸ್ತೀನಿ."